ಕೋಬಾಲೂ ಹದಿನೇಳು ಜುಂಜಣ್ಣಂದಿರೂ

ಇವತ್ತು ಬೆಳಿಗ್ಗೆ ಕಂಬಳಿಯನ್ನು ಬಿಸಿಲಿಗೆ ಹಾಕೋಣವೆಂದು ಟ್ರಂಕು ತೆರೆದೆ. ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ಹೇಳಿದರೂ ಅಷ್ಟೇ. ಕುರಿ, ಹುಣಸೆಬೀಜದ ಗಂಜಿ, ಒಣಗಿದ ಬೇವಿನ ಸೊಪ್ಪು ಎಲ್ಲ ಸೇರಿದ ಆ ವಾಸನೆಗೆ ಮೂಗೊಡ್ಡಿ ನಿಂತಿದ್ದಾಗ ತಳಕ್ಕೆ ಹಾಸಿದ್ದ ಹಸಿರು ಗೆರೆಯ ಕಾಗದವೊಂದು ಕಣ್ಣಿಗೆ ಬಿತ್ತು. ಸಾಲಿಗೆ ಎಂಬತ್ತು ಚೌಕ, ಚೌಕಕ್ಕೊಂದು ಅಕ್ಷರ, ಎಲ್ಲ ಪೆನ್ಸಿಲ್ಲಿನಲ್ಲಿ. ನಲವತ್ತು ವರ್ಷದ ಹಿಂದೆ ನಾನು ಬರೆದ ಕೋಬಾಲ್ ಪ್ರೋಗ್ರಾಮು ಅದು.

ಕೋಬಾಲ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಹಳೆಯ ಭಾಷೆ. ಕಚೇರಿ, ವ್ಯಾಪಾರದ ಕೆಲಸಕ್ಕೆಂದೇ ಹುಟ್ಟಿದ್ದು. ನಿನ್ನೆಯಷ್ಟೇ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಸವಿತಾ, ಇಲ್ಲೇ ಶಿರಾದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು, "ಆಂಟಿ, ನೀವು ಕೋಬಾಲ್ ಕಲಿತೋರಂತೆ. ನಮ್ಮ ಮಕ್ಕಳ ಹತ್ರ ಒಂದು ಗಂಟೆ ಮಾತಾಡಿ" ಎಂದು ಕೇಳಿದ್ದಳು. "ಸತ್ತವರ ಸುದ್ದಿ ಯಾಕಮ್ಮ" ಎಂದು ಸಾಗಹಾಕಿದ್ದೆ. ನಿಜ ಹೇಳಲೇ? ನನಗೆ ನಾಚಿಕೆ. ಫೋನಿನಲ್ಲೇ ಪ್ರಪಂಚ ಆಡಿಸುವ ಮಕ್ಕಳ ಮುಂದೆ ಪೆನ್ಸಿಲ್ಲು ಹಿಡಿದು ಕಂಪ್ಯೂಟರ್ ಕಲಿತವಳು ಏನೆಂದು ನಿಲ್ಲಲಿ?

ಎಂಬತ್ತರ ದಶಕದ ನಡುವಿನ ಮಾತು. ಶಿರಾದಲ್ಲಿ ಸೈಕಲ್ ಶಾಪಿನ ಮಹಡಿಯ ಮೇಲೆ ಬಷೀರ್ ಮೇಷ್ಟ್ರು ಟೈಪಿಂಗ್ ಕಲಿಸುತ್ತಿದ್ದರು. ಬೆಂಗಳೂರಿನ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ದುಡಿದು ಊರಿಗೆ ಮರಳಿದವರು. ಟೈಪಿಂಗಿನ ಜೊತೆಗೆ ಕೋಬಾಲನ್ನೂ ಶುರುಮಾಡಿದರು. ಕಂಪ್ಯೂಟರ್ ಮಾತ್ರ ಇರಲಿಲ್ಲ. ನಗಬೇಡಿ, ನಾವು ಬಾವಿಯಿಲ್ಲದೆ ಈಜು ಕಲಿತವರು. ನಾವು ಬರೆದ ಹಾಳೆಗಳನ್ನು ಮೇಷ್ಟ್ರು ಭಾನುವಾರದ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದು, ಹಳೆಯ ಸ್ನೇಹಿತರ ಕೈಕಾಲು ಹಿಡಿದು ಮೆಷಿನ್ನಿಗೆ ಹಾಕಿಸಿ ತರುತ್ತಿದ್ದರು. ಸೋಮವಾರ ಬೆಳಿಗ್ಗೆ ನಮ್ಮ ತಪ್ಪುಗಳು ಅಚ್ಚಾಗಿ ಬರುತ್ತಿದ್ದವು. "ಫಿಕರ್ ಮಾಡಬೇಡಿ. ಒಂದು ತಪ್ಪಿಗೆ ಒಂದು ವಾರ. ಅದಕ್ಕೇ ಬರೆಯೋ ಮುಂಚೆ ಯೋಚನೆ ಮಾಡ್ಬೇಕು" ಅನ್ನುತ್ತಿದ್ದರು.

ಕ್ಲಾಸಿನಲ್ಲಿ ಮಧುಗಿರಿ, ಕೊರಟಗೆರೆಯವರೂ ಇದ್ದರು. ಎಲ್ಲರಿಗಿಂತ ಚುರುಕು ಪಾವಗಡದ ನಾಗರಾಜ. ಯಾವುದೋ ಪತ್ರಿಕೆ ಓದಿಕೊಂಡು ಬಂದು, "ಇದು ಮುಸಲಿ ಭಾಷೆ ಕಣಮ್ಮ. ಒಂದು ಮಾತಿನ ಜಾಗಕ್ಕೆ ಹತ್ತು ಮಾತಾಡ್ತದೆ. ಇಂಕ ಐದು ವರ್ಷ, ಆಮೇಲೆ ತಿಥಿ" ಎಂದು ಹೇಳಿದ. ಮುಸಲಿ ಅಂದರೆ ತೆಲುಗಿನಲ್ಲಿ ಮುದುಕಿ, ಇಂಕ ಅಂದರೆ ಇನ್ನೂ. ಬುಕ್ಕಾಪಟ್ಟಣದ ಕಡೆಯ ಗೊಲ್ಲರಹಟ್ಟಿಯಿಂದ ದಿನಾ ಬಸ್ಸು ಹತ್ತಿ ಬರುತ್ತಿದ್ದವಳು ನಾನು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಹಟ್ಟಿಯೇ ಅಂದರೂ ಕುರಿ ಕಾಯುವ ನಮ್ಮಪ್ಪ, "ಕಲೀಲಿ ಬುಡು" ಎಂದು ಕಳಿಸಿದ್ದರು. ಕಲಿಯುವುದೇ ಸಾಯುವ ಭಾಷೆಯಾದರೆ ಅವರ ಮುಖ ಹೇಗೆ ನೋಡಲಿ?

ಅದೇ ಬೇಸಿಗೆಯಲ್ಲಿ ಪಶುವೈದ್ಯರು ಮೇಷ್ಟ್ರ ಬಳಿ ಬಂದರು. ಹಟ್ಟಿಗಳ ಕುರಿಗಳಿಗೆಲ್ಲ ಕರುಳುಬೇನೆಯ ಲಸಿಕೆ ಹಾಕಬೇಕಿತ್ತು. ಮಳೆಗೆ ಎಳೆಹುಲ್ಲು ಬಂತೆಂದರೆ ಆ ಬೇನೆ ಕುರಿಯನ್ನು ನಿಂತಲ್ಲೇ ಕೆಡವುತ್ತದೆ. ಕುರಿಗಾರರ ಹೆಸರನ್ನು ಮೂರು ಜನ ಮೂರು ಕಡೆ ಬರೆದುಕೊಂಡಿದ್ದರಿಂದ ಒಬ್ಬನೇ ಎರಡೆರಡು ಸಲ ಸೇರಿದ್ದ. ಅದನ್ನು ಹಸನು ಮಾಡಿಕೊಡಿ ಎಂದರು. "ನಿಮ್ಮ ಹಟ್ಟೀದೇ, ನೀನೇ ಮಾಡು ಬೇಟಾ" ಎಂದು ಮೇಷ್ಟ್ರು ನನಗೇ ಕೊಟ್ಟರು.

ಕೋಬಾಲಿನಲ್ಲಿ ಒಂದು ಸೊಗಸಿದೆ. ವಸ್ತುಗಳಿಗೆ ನಮಗೆ ಬೇಕಾದ ಹೆಸರಿಡಬಹುದು. ನಾನು ಕುರಿ, ಹಟ್ಟಿ, ಹೆಸರು ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟೆ. ಬರೆದದ್ದನ್ನು ಅಪ್ಪನಿಗೆ ಜಂಬದಿಂದ ಓದಿ, ನಡುವಿನ ಇಂಗ್ಲಿಷಿಗೆ ಅರ್ಥ ಹೇಳಿದೆ: ಹೆಸರೂ ಹಟ್ಟಿಯೂ ಹಿಂದಿನವನದೇ ಆದರೆ ಇವನನ್ನು ಬಿಟ್ಟು ಮುಂದಿನವನ ಬಳಿಗೆ ಹೋಗು.

ಅಪ್ಪ ಬೀಡಿ ಆರಿಸಿ, "ಅರ್ತ ಆಯ್ತದೆ ಕಣಮ್ಮ, ನಮ್ಮಂಗೇ ಮಾತಾಡ್ತದೆ. ಆದ್ರೆ ಹೆಸ್ರು ಒಂದೇ ಆದೋರ ಗತಿ ಏನು?" ಎಂದು ಕೇಳಿದರು.

"ಅದು ಒಬ್ರೇ ಎರಡು ಸಲ ಬರ್ಸಿರೋದು ಅಪ್ಪಯ್ಯ. ನಿಂಗೊತ್ತಾಗಲ್ಲ, ಸುಮ್ಕಿರು."

ಕಲಿತವಳ ಕೊಬ್ಬು ನೋಡಿ. ನಮ್ಮ ಕಡೆ ಅಣ್ಣತಮ್ಮಂದಿರೆಲ್ಲ ತಮ್ಮ ಮೊದಲ ಮಗನಿಗೆ ಅಪ್ಪನ ಹೆಸರನ್ನೇ ಇಡುತ್ತಾರೆ. ಐದು ಜನ ಅಣ್ಣತಮ್ಮಂದಿರಿದ್ದರೆ ಐದು ಮನೆಯಲ್ಲೂ ಅದೇ ಹೆಸರು. ಅಂಥ ಹಟ್ಟಿಯಲ್ಲೇ ಹುಟ್ಟಿದ ನನಗೆ ಅದು ಹೊಳೆಯಲಿಲ್ಲ.

ಲಸಿಕೆಯ ದಿನ ಹುಣಸೆಮರದ ಕೆಳಗೆ ಡಾಕ್ಟರು ಬೆಂಗಳೂರಿನಿಂದ ಅಚ್ಚಾಗಿ ಬಂದ ನನ್ನ ಪಟ್ಟಿ ಹಿಡಿದು, "ಜುಂಜಣ್ಣ" ಎಂದು ಕೂಗಿದರು. ಹದಿನೇಳು ಜನ ಎದ್ದು ನಿಂತರು. ಅವರಲ್ಲಿ ನಮ್ಮಪ್ಪನೂ ಒಬ್ಬರು.

"ಯಾವ ಜುಂಜಣ್ಣ?"

"ಎಲ್ರೂವೆ ಸಾ."

ಪಟ್ಟಿಯಲ್ಲಿ ಇದ್ದದ್ದು ಒಬ್ಬನೇ. ಮಿಕ್ಕ ಹದಿನಾರು ಜನರನ್ನು ನಾನು ಅಳಿಸಿಹಾಕಿದ್ದೆ. ಲಸಿಕೆಯೇನೋ ಮಂದೆಗಳ ಲೆಕ್ಕದಲ್ಲಿ ಮೊದಲೇ ಸಾಕಷ್ಟು ಬಂದಿತ್ತು. ಆದರೆ ಯಾರ ಮಂದೆಗೆ ಹಾಕಿದೆ, ಯಾರದಕ್ಕೆ ಇಲ್ಲ ಎಂದು ಗುರುತಾಗದೆ ಹಾಕುವಂತಿರಲಿಲ್ಲ. ಡಾಕ್ಟರು ಸಂಜೆಗೆ ಇನ್ನೊಂದು ಹಟ್ಟಿಗೆ ಹೋದರೆ ಮತ್ತೆ ಬರುವುದು ಮಳೆ ಕಳೆದ ಮೇಲೆ. ನೋಡಲು ಬಂದಿದ್ದ ನಾಗರಾಜ, "ಚೂಡು, ನೋಡು, ನಿಮ್ಮ ಮುಸಲಿಗೆ ಕಣ್ಣೂ ಕಾಣ್ಸಲ್ಲ" ಎಂದ. ನನಗೆ ಅಳು ಬಂತು.

ಅಪ್ಪ ಮುಂದೆ ಬಂದರು. "ಬಾಸೆದೇನೂ ತಪ್ಪಿಲ್ಲ ಸಾ. ಅದು ಹೆಸ್ರು ಕೇಳ್ತು, ನಾವು ಹೆಸ್ರು ಕೊಟ್ವಿ. ಕೂಗೋ ಹೆಸ್ರು ಅದೂ ಕೇಳ್ಲಿಲ್ಲ, ನಾವೂ ಏಳ್ಲಿಲ್ಲ" ಎಂದು, ನನ್ನ ಕೈಲಿದ್ದ ಹಸಿರು ಗೆರೆಯ ಕೋಡಿಂಗ್ ಹಾಳೆ ತಿರುವಿ, "ಬರ್ಕೊ" ಅಂದರು.

ಕೂಗೋ ಹೆಸ್ರು ಅಂದರೆ ಬೆನ್ನಹಿಂದೆ ಆಡುವ ಅಡ್ಡಹೆಸರು. ಅದನ್ನು ನಮ್ಮಲ್ಲಿ ಯಾರೂ ಮುಖದೆದುರು ಹೇಳುವುದಿಲ್ಲ. ಅವರವರೇ ಹೇಳಿಕೊಳ್ಳುವುದಂತೂ ಇಲ್ಲವೇ ಇಲ್ಲ. ಹದಿನೇಳು ಜನರೂ ನೆಲ ನೋಡುತ್ತ ನಿಂತರು. ಕೊನೆಗೆ ಅಪ್ಪನೇ, "ಮೊದ್ಲು ನಂದು. ಗೊರ್ಕೆ ಜುಂಜಣ್ಣ" ಅಂದರು. ಇಪ್ಪತ್ತು ವರ್ಷ ಅವರ ಗೊರಕೆ ಕೇಳಿಕೊಂಡೇ ಬೆಳೆದವಳಿಗೆ, ಹಟ್ಟಿಯೂ ಅದನ್ನು ಕೇಳಿಸಿಕೊಂಡಿದೆ ಎಂದು ಗೊತ್ತಿರಲಿಲ್ಲ. ಅಷ್ಟು ಸಾಕಾಯಿತು. ಒಬ್ಬೊಬ್ಬರದನ್ನು ಇನ್ನೊಬ್ಬರು ಹೇಳತೊಡಗಿದರು: ಟಗರು ಜುಂಜಣ್ಣ, ಮೇಲ್ಮನೆ ಜುಂಜಣ್ಣ, ಎಡಗೈ ಜುಂಜಣ್ಣ. ಹೆಗಲಿಂದ ರೇಡಿಯೋ ಇಳಿಸದವನೊಬ್ಬನಿದ್ದ. ಅವನದನ್ನು ಯಾರೂ ಹೇಳಬೇಕಾಗಲಿಲ್ಲ. ನಗುವಿಗೆ ಕುರಿಗಳೇ ಬೆದರಿದವು. ಡಾಕ್ಟರು ಕಣ್ಣೊರೆಸಿಕೊಳ್ಳುತ್ತ ಸೂಜಿ ಚುಚ್ಚಿದರು. ಹೊತ್ತು ಮುಳುಗುವುದರೊಳಗೆ ಲಸಿಕೆ ಹಾಕದ ಒಂದು ಮಂದೆಯೂ ಉಳಿಯಲಿಲ್ಲ.

ಮುಂದಿನ ವಾರ ಪ್ರೋಗ್ರಾಮಿಗೆ 'ಅಡ್ಡಹೆಸರು' ಎಂದು ಹನ್ನೆರಡು ಚೌಕ ಸೇರಿಸಿದೆ. ಆ ಮಳೆಗಾಲದಲ್ಲಿ ನಮ್ಮ ಹಟ್ಟಿಯಲ್ಲಿ ಒಂದು ಕುರಿಯೂ ಕರುಳುಬೇನೆಗೆ ಸಾಯಲಿಲ್ಲ. ಜುಂಜಣ್ಣಂದಿರೆಲ್ಲ ಸೇರಿ ನನಗೊಂದು ಕಂಬಳಿ ನೇಯಿಸಿ ಕೊಟ್ಟರು. ಕೋಬಾಲ್ ಸಾಯುತ್ತದಂತೆ ಎಂದು ಅಪ್ಪನಿಗೆ ಹೇಳಿದಾಗ, "ನಮ್ಮ ಮುದಿ ಕುರಿ ನೋಡಿದ್ಯಾ? ಮರಿ ಈಯಲ್ಲ, ಉಣ್ಣೆ ಇಲ್ಲ. ಆದ್ರೂ ಯಾಕಿಟ್ಕೊಂಡಿವ್ನಿ? ಅದು ಮುಂದ್ ನಡೆದ್ರೆ ಮಿಕ್ಕವು ಇಂದೆ ಬತ್ತವೆ" ಅಂದರು. ನಾಗರಾಜ ಆಮೇಲೆ ಮೂರು ಹೊಸ ಭಾಷೆ ಕಲಿತ. ಮೂರಕ್ಕೂ ತಿಥಿಯಾಯಿತು. ಈಗಲೂ ಹಬ್ಬಕ್ಕೆ ಫೋನು ಮಾಡಿ, "ಮುಸಲಿ ಇಂಕಾ ಬದುಕಿದಾಳಾ?" ಅನ್ನುತ್ತಾನೆ. ದೊಡ್ಡ ದೊಡ್ಡ ಕಚೇರಿಗಳ ಒಳಮನೆಯಲ್ಲಿ ಕೂತು ಇನ್ನೂ ಕೆಲಸ ಮಾಡ್ತಿದಾಳೆ ಅನ್ನುತ್ತೇನೆ.

ಕಂಬಳಿಯನ್ನು ತಂತಿಯ ಮೇಲೆ ಹರವಿ, ಹಾಳೆ ಹಿಡಿದು ಪಕ್ಕದ ಮನೆಗೆ ಹೋದೆ. ಸವಿತಾ ಕೋಬಾಲ್ ಕಲಿತವಳಲ್ಲ. ಆದರೂ ಮೊದಲ ಸಾಲಿನಿಂದ ಕೊನೆಯವರೆಗೆ ತಡೆಯದೆ ಓದಿದಳು. "ಆಂಟಿ, ಇದು ಮೆಷಿನ್ ಇಲ್ಲದೇನೂ ಅರ್ಥ ಆಗುತ್ತಲ್ಲ" ಎನ್ನುತ್ತ ಹಾಳೆ ತಿರುವಿದಳು. ಪೆನ್ಸಿಲ್ಲಿನ ಹದಿನೇಳು ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದವಳು ತಟ್ಟನೆ ನಿಂತಳು.

"ನಮ್ಮಮ್ಮನ ತೌರೂ ಬುಕ್ಕಾಪಟ್ಟಣದ ಕಡೆ ಆಂಟಿ. ನಮ್ಮ ತಾತನೂ ಜುಂಜಣ್ಣನೇ."

"ಯಾವ ಜುಂಜಣ್ಣ?" ಎಂದು ಕೇಳಿದೆ.

ಅವಳು ನಾಚಿಕೊಂಡು ನಕ್ಕಳು. ಎದ್ದು ಒಳಗೆ ಹೋಗಿ, ತೊಗಲಿನ ಪಟ್ಟಿ ಸವೆದ ಹಳೆಯ ರೇಡಿಯೋ ಒಂದನ್ನು ತಂದು ನನ್ನ ಮುಂದಿಟ್ಟಳು.

ನಾಳೆ ಹತ್ತು ಗಂಟೆಗೆ ಕಾಲೇಜಿಗೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.