ಗೌನಿಪಲ್ಲಿಯ ಎಡ ರೆಕ್ಕೆ

ವಿಮಾನ ನಿರ್ವಹಣೆಯ ಇನ್‌ಸ್ಪೆಕ್ಟರ್ ಕೆಲಸದಿಂದ ನಿವೃತ್ತನಾಗಿ ಮುಳಬಾಗಿಲಿನ ಮನೆ ಸೇರಿದ ಎರಡನೇ ವರ್ಷದ ಮಾತು. ಅನುಮಾನಪಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಮನೆಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಹಾಲಿನವನು ಕೂಡ ನನ್ನ ಮುಖ ನೋಡಿಕೊಂಡೇ ಹಾಲು ಅಳೆಯುತ್ತಿದ್ದ.

ಆಗ ಗೌನಿಪಲ್ಲಿಯ ಮಾವಿನ ಬೆಳೆಗಾರ ವೆಂಕಟರೆಡ್ಡಿ ಫೋನ್ ಮಾಡಿದರು. ಬಾಮೈದ ಮಂಜುನಾಥನ ಜೊತೆ ಸೇರಿ ತೋಟದ ಶೆಡ್ಡಿನಲ್ಲಿ ಅವರು ಎರಡು ಸೀಟಿನ ವಿಮಾನವೊಂದನ್ನು ಕೈಯಾರೆ ಕಟ್ಟುತ್ತಿದ್ದರು. ಬಲ ರೆಕ್ಕೆ ರೆಡ್ಡಿಯವರ ಕೆಲಸ, ಎಡ ರೆಕ್ಕೆ ಮಂಜುನಾಥನದು. ಮಾವಿನ ಸುಗ್ಗಿಗೆ ಶೆಡ್ ಖಾಲಿಯಾಗಬೇಕು. ಅಷ್ಟರೊಳಗೆ ರೆಕ್ಕೆ ಜೋಡಿಸಿ, ಅನುಮತಿ ಪಡೆದು, ತಾವೇ ಹಾರಿಸಬೇಕೆಂಬ ಆತುರ ಅವರಿಗೆ. ಜೋಡಿಸುವ ಮುನ್ನ ಒಮ್ಮೆ ನೋಡಿಕೊಡಿ ಎಂದರು. ಆತುರ ಎಂದೊಡನೆ ನನ್ನ ಕಿವಿ ನೆಟ್ಟಗಾಯಿತು.

ರೆಕ್ಕೆಯೊಳಗೆ ಉದ್ದಕ್ಕೂ ಸಾಗುವ ತೊಲೆಯನ್ನು ಸ್ಪಾರ್ ಎನ್ನುತ್ತೇವೆ. ಹಾರುವಾಗ ವಿಮಾನದ ಭಾರವೆಲ್ಲ ಅದರ ಮೇಲೆಯೇ. ಅಲ್ಯೂಮಿನಿಯಂ ಆದ್ದರಿಂದ ಕೆಂಪು ತುಕ್ಕು ಹಿಡಿಯುವುದಿಲ್ಲ; ಬಿಳಿ ಪುಡಿಯಾಗಿ ಒಳಗೊಳಗೇ ಸವೆಯುತ್ತದೆ. ಅದನ್ನು ತಡೆಯಲೆಂದೇ ಜೋಡಿಸುವ ಮುನ್ನ ಪ್ರತಿ ತುಂಡಿಗೂ ಪ್ರೈಮರ್ ಎಂಬ ತಳಬಣ್ಣ ಹಚ್ಚುವುದು.

ಶೆಡ್ಡಿಗೆ ಹೋಗಿ ನೋಡಿದರೆ ಬಲ ರೆಕ್ಕೆಯಲ್ಲಿ ದೋಷವಿರಲಿಲ್ಲ. ಎಡ ರೆಕ್ಕೆಯ ಬುಡದ ಕಿಂಡಿಯಲ್ಲಿ ಟಾರ್ಚು, ಕನ್ನಡಿ ಹಿಡಿದೆ. ಸ್ಪಾರ್ ಮೇಲೆ ಪ್ರೈಮರ್ ಗುಳ್ಳೆ ಎದ್ದಿತ್ತು, ಸುತ್ತ ಬಿಳಿ ಪುಡಿ. ಮರದ ಕಡ್ಡಿ ತಾಗಿಸಿದರೆ ಲೋಹದ ಪದರವೇ ಕಿತ್ತು ಬಂತು. ಇದನ್ನು ನಂಬಿ ರೆಡ್ಡಿಯವರು ಮೇಲೇರಿದ್ದರೆ ಗತಿಯೇನು ಎಂದು ನೆನೆದು ನನಗೆ ಭಯವಾಯಿತು.

“ಏನ್ಲಾ ಮಂಜಾ, ಪ್ರೈಮರ್‌ಗೆ ಥಿನ್ನರ್ ಜಾಸ್ತಿ ಸುರಿದ್ಯಾ?” ರೆಡ್ಡಿಯವರು ಗುಡುಗಿದರು.

“ನಿಮ್ಮಂಗೇ ಎರಡು ಕೋಟು ಹೊಡ್ದಿದೀನಿ ಬಾವ. ನಿಮ್ಮ ಪ್ರಾಣದ ಜೊತೆ ಆಟ ಆಡ್ತೀನಾ?”

ಹಾಗೆನ್ನುವಾಗ ಮಂಜುನಾಥ ನೆಲ ನೋಡುತ್ತಿದ್ದ. ನನಗೂ ಅವನ ಮೇಲೇ ಗುಮಾನಿ. ಆದರೆ ತುಕ್ಕಿಲ್ಲದ ಜಾಗದಲ್ಲಿ ಕೆರೆದು ನೋಡಿದರೆ ಪ್ರೈಮರ್ ಬಲ ರೆಕ್ಕೆಯಷ್ಟೇ ದಪ್ಪಗಿತ್ತು. ಇಲಿಯ ಉಚ್ಚೆಯೋ ಎಂದು ಮೂಸಿದೆ, ಅದೂ ಅಲ್ಲ. ಕೊನೆಗೆ ಕಲೆಯ ಜಾಡು ಹಿಡಿದೆ. ಅದು ಒಂದೇ ಬೋಲ್ಟ್ ತೂತಿನ ಬಳಿ ಶುರುವಾಗಿ ಗೆರೆಯಂತೆ ಕೆಳಗಿಳಿದಿತ್ತು. ತೂತಿನ ಮೇಲ್ಗಡೆ ಬೆರಳಾಡಿಸಿದೆ. ರೆಕ್ಕೆಯ ಅಡ್ಡಪಟ್ಟಿಗೆ ಕಟ್ಟಿದ ಕಪ್ಪು ದಾರ, ಅದರಲ್ಲಿ ಸೆಟೆದುಕೊಂಡ ಕೆಂಪು ಬಟ್ಟೆಯ ಗಂಟು. ನಾಲಗೆಗೆ ತಾಗಿಸಿದರೆ ಉಪ್ಪು.

ಬೇಕೆಂದೇ ಯಾರೋ ಇಟ್ಟಿದ್ದಾರೆ ಎಂದು ರೆಡ್ಡಿಯವರು ಮಂಜುನಾಥನ ಕಡೆ ತಿರುಗುವಷ್ಟರಲ್ಲಿ, ಕಾಫಿ ತಂದ ಅವರ ಹೆಂಡತಿ ಸರೋಜಮ್ಮ ಗಂಟು ನೋಡಿ ನಿಂತುಬಿಟ್ಟರು.

“ಅವನನ್ನ ಬೈಬೇಡಿ. ನಾನೇ ಕಟ್ಟಿದ್ದು ಅಣ್ಣಾ, ಆಯುಧಪೂಜೆ ದಿವ್ಸ,” ಎಂದು ನನಗೆ ಹೇಳಿದರು. “ಊರೋರೆಲ್ಲ ಬಂದು ನೋಡ್ತಿದ್ರು. ದೃಷ್ಟಿ ಆಗ್ಬಾರ್ದು ಅಂತ ಉಪ್ಪು, ಪಟಿಕ, ಒಣಮೆಣಸಿನಕಾಯಿ ಇಟ್ಟೆ. ಬಾಗ್ಲಿಗೆ ಹತ್ರ ಇದ್ದಿದ್ದು ಈ ರೆಕ್ಕೆನೇ. ಹೊರಗೆ ಕಟ್ಟಿದ್ರೆ ಇವ್ರು ಕಿತ್ತಾಕ್ತಾರೆ ಅಂತ ಒಳಗೆ ಕಟ್ದೆ.”

ಹಿಂಗಾರಿನ ಮಳೆಗಾಲದುದ್ದಕ್ಕೂ ಉಪ್ಪು ತೇವ ಹೀರಿ ತೊಟ್ಟಿಕ್ಕಿದೆ. ತೂತು ಕೊರೆದದ್ದು ಪ್ರೈಮರ್ ಹಚ್ಚಿದ ಮೇಲೆ. ಅದರ ಒಳಅಂಚಿಗೆ ಪ್ರೈಮರ್ ಇರಲಿಲ್ಲ. ಉಪ್ಪುನೀರು ಅಲ್ಲಿಂದಲೇ ಒಳನುಗ್ಗಿತ್ತು. ಇದನ್ನು ಬಿಡಿಸಿ ಹೇಳಿದಾಗ ಸರೋಜಮ್ಮ “ಅಯ್ಯೋ ದೇವುಡಾ” ಎಂದು ಕಾಫಿ ತಟ್ಟೆಯನ್ನು ನೆಲಕ್ಕಿಟ್ಟರು. “ಇವ್ರು ಚೆನ್ನಾಗಿರ್ಲಿ ಅಂತ ಕಟ್ಟಿದ್ನಲ್ಲಾ!”

ರೆಡ್ಡಿಯವರು ಮೊದಲ ಕಾಫಿ ಲೋಟವನ್ನು ಮಂಜುನಾಥನ ಕೈಗೆ ಕೊಟ್ಟರು.

ಉಜ್ಜಿ ಬಣ್ಣ ಹೊಡೆದರೆ ಸಾಲದು, ಸ್ಪಾರ್ ಬದಲಿಸಲೇಬೇಕು ಎಂದೆ. ಒಪ್ಪಿಕೊಂಡರು. ಆ ಸುಗ್ಗಿಯಲ್ಲಿ ವಿಮಾನ ಹಾರಲಿಲ್ಲ, ಶೆಡ್ಡಿನ ತುಂಬ ಮಾವು ಬಂತು. ತಪ್ಪೆಲ್ಲ ಮಂಜುನಾಥನ ತಲೆಗೆ ಕಟ್ಟಿ ಹೊಸ ಸ್ಪಾರ್ ಕೂರಿಸಿದ್ದರೆ, ಗಂಟು ಅಲ್ಲೇ ಉಳಿದು ಅದನ್ನೂ ಮುಗಿಸುತ್ತಿತ್ತು.

ಅನುಮಾನದ ಚಾಳಿ ನನಗೆ ಈಗಲೂ ಇದೆ. ಆದರೆ ಯಾರಾದರೂ ರೆಕ್ಕೆ ನೋಡಲು ಕರೆದರೆ, ಕಟ್ಟಿದವರನ್ನು ಕೇಳಿದ ಮೇಲೆ ಅಡುಗೆಮನೆ ಬಾಗಿಲಿಗೂ ಹೋಗಿ ಕೇಳುತ್ತೇನೆ: “ಇದು ಚೆನ್ನಾಗಿರ್ಲಿ ಅಂತ ನೀವೇನಾದ್ರೂ ಮಾಡಿದೀರಾಮ್ಮ?”