ಅರಳಿಮರ ಇದ್ದ ಸೈಟು

ಚಿಂತಾಮಣಿಯಲ್ಲಿ ನಾವು ಕೊಂಡ ಮನೆ ಎರಡು ವರ್ಷದಿಂದ ಮಾರಾಟವಾಗದೆ ಉಳಿದಿತ್ತು. ಊರ ನಡುವಿನ ಹಳೆಯ ಎಕ್ಸ್‌ಟೆನ್ಷನ್ ಅದು. ರಸ್ತೆಯ ಎರಡೂ ಬದಿ ಹೊಂಗೆ, ಬೇವು, ಅಲ್ಲೊಂದು ಇಲ್ಲೊಂದು ಸಂಪಿಗೆ. ಬಸ್‌ಸ್ಟ್ಯಾಂಡಿಗೆ ನಡೆದೇ ಹೋಗಬಹುದು. ಆದರೂ ಮುರುಗಮಲ್ಲದ ಬಸ್ಸಿನ ಹಾರ್ನ್ ಬಿಟ್ಟರೆ ಊರಿನ ಸದ್ದು ಅಲ್ಲಿಗೆ ತಲುಪುವುದಿಲ್ಲ. ಅಲ್ಲಿ ಮನೆ ಮಾರಾಟಕ್ಕೆ ಬಂದರೆ ತಿಂಗಳೊಳಗೆ ಹೋಗಿಬಿಡುತ್ತದೆ. ಇದು ಹೋಗದಿರಲು ಕಾರಣ ಕಾಂಪೌಂಡಿನ ಒಳಗಿದ್ದ ಅರಳಿಮರ.

"ಸಾರ್, ಮೊದಲೇ ಹೇಳ್ಬಿಡ್ತೀನಿ" ಎಂದ ಬ್ರೋಕರ್. "ಮರ ಕಡಿಯೋ ಹಾಗಿಲ್ಲ. ಕಡಿಯೋಕೆ ಆಳೂ ಬರಲ್ಲ. ಬೇರು ಪಾಯಕ್ಕೆ ನುಗ್ಗುತ್ತೆ ಅಂತ ನೋಡಿದೋರೆಲ್ಲ ವಾಪಸ್ ಹೋದ್ರು. ಅದಕ್ಕೇ ರೇಟು ಇಳಿಸಿದಾರೆ."

ಅಮ್ಮ ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. ಚಪ್ಪಲಿ ಬಿಟ್ಟು ಮರದ ಬುಡಕ್ಕೆ ಹೋಗಿ ನಿಂತಿದ್ದಳು.

"ಒಳಗೆ ನೋಡಲ್ವೇನಮ್ಮ?"

"ಒಳಗೇನಿರುತ್ತೆ, ಗೋಡೆ ಇರುತ್ತೆ. ನೀನೇ ನೋಡ್ಕೊಂಡು ಬಾ."

ಅಮ್ಮ ಹುಟ್ಟಿದ್ದು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ. ಆ ಊರ ಬಾಗಿಲಲ್ಲಿ ಅರಳಿಕಟ್ಟೆ ಇತ್ತು. ನಮ್ಮ ಕೇರಿಯ ಮಕ್ಕಳು ಅದನ್ನು ದೂರದಿಂದ ಬಳಸಿಕೊಂಡು ಸ್ಕೂಲಿಗೆ ಹೋಗಬೇಕಿತ್ತು. ಒಮ್ಮೆ ಅಮ್ಮ ಕಾಲಿಗೆ ಮುಳ್ಳು ಚುಚ್ಚಿ ಕಟ್ಟೆಯ ಅಂಚಿನಲ್ಲಿ ಕೂತುಬಿಟ್ಟಳು. ಅವಳು ಎದ್ದ ಮೇಲೆ ಆ ಜಾಗವನ್ನು ತೊಳೆದರು. ಮುಂದೆ ಅವಳು ನರ್ಸ್ ಆದಳು, ಜಿಲ್ಲೆಯ ಹಲವು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದಳು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅಮ್ಮ ಇಬ್ಬರೂ ದೀಕ್ಷೆ ಪಡೆದು ಬೌದ್ಧರಾದರು. ಅರಳಿ ನಮ್ಮ ಮರವೂ ಆಯಿತು. ಆದರೆ ನಾವಿದ್ದದ್ದು ಬಾಡಿಗೆ ಮನೆಗಳಲ್ಲಿ, ಕ್ವಾರ್ಟರ್ಸಿನಲ್ಲಿ. ಅಪ್ಪ ಹೋದ ಮೇಲೆ ಅಮ್ಮ ನನ್ನನ್ನು ಕೇಳಿದ್ದು ಒಂದನ್ನೇ: "ನಮ್ಮದೇ ಜಾಗದಲ್ಲಿ ಒಂದು ಅರಳಿಮರ. ಸಂಜೆ ಹೊತ್ತು ಅದರ ಕೆಳಗೆ ಕೂರಬೇಕು. ಅಷ್ಟೇ ಕಣೋ."

ರಿಜಿಸ್ಟ್ರೇಷನ್ ಆದ ವಾರವೇ ಕಟ್ಟೆ ಕಟ್ಟಿಸಿದೆವು. ಸುಣ್ಣ ಬಳಿಯುವ ಮೊದಲು, ಒಡೆದ ಸಿಂಕು ಬದಲಾಯಿಸುವ ಮೊದಲು. ಎತ್ತರ ಎಷ್ಟಿರಬೇಕೆಂದು ಅಮ್ಮ ಒಂದು ಸ್ಟೂಲಿನ ಮೇಲೆ ಕೂತು ತೋರಿಸಿದಳು. ಕೂತಾಗ ಪಾದ ನೆಲಕ್ಕೆ ತಾಗಬೇಕು. ಮೇಸ್ತ್ರಿ ಟೇಪ್ ಹಿಡಿದು ಅವಳ ಮೊಣಕಾಲಿನವರೆಗೆ ಅಳೆದುಕೊಂಡ. ಮೇಲೆ ಬೂದು ಬಣ್ಣದ ಕಲ್ಲುಚಪ್ಪಡಿ ಹಾಸಿದ.

ಸುಮಾರು ಎರಡು ವರ್ಷ ಅಮ್ಮ ಅಲ್ಲಿ ಕೂತಳು. ನಾನು ಆಫೀಸಿನಿಂದ ಬರುವ ಹೊತ್ತಿಗೆ ಕನ್ನಡಕ ಹಾಕಿಕೊಂಡು, ನಾನು ವರದಿಗಾರನಾಗಿದ್ದ ಪತ್ರಿಕೆ ಓದುತ್ತಿರುತ್ತಿದ್ದಳು. ನನ್ನ ವರದಿ ಬಂದಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಓದುತ್ತಿದ್ದಳು. "ನಿಂದು ಬಾಯಲ್ಲೇ ಕೇಳ್ತೀನಲ್ಲ" ಎನ್ನುತ್ತಿದ್ದಳು.

ನಾವು ಬಂದ ಮೊದಲ ಶನಿವಾರ ಬೆಳಗ್ಗೆ ಗೇಟಿನ ಚಿಲಕ ಸದ್ದಾಯಿತು. ಎದುರುಮನೆಯ ನಿವೃತ್ತ ಮೇಷ್ಟ್ರ ಹೆಂಡತಿ ಇನ್ನಿಬ್ಬರು ಹೆಂಗಸರೊಂದಿಗೆ ನಿಂತಿದ್ದರು. ಕೈಯಲ್ಲಿ ತಂಬಿಗೆ, ಅರಿಶಿನ ಕುಂಕುಮ. ಅರಳಿಮರವನ್ನು ಮುಟ್ಟಿ ಪ್ರದಕ್ಷಿಣೆ ಹಾಕುವುದು ಶನಿವಾರ ಮಾತ್ರ. ಮನೆ ಖಾಲಿ ಇದ್ದಾಗ ಅವರು ಬಂದು ಸುತ್ತಿ ಹೋಗುತ್ತಿದ್ದರು. ಈಗ ಕೇಳಲು ಬಂದಿದ್ದರು.

"ಬನ್ನಿ, ಬನ್ನಿ. ಶನಿವಾರ ಬೀಗ ಹಾಕಲ್ಲ" ಎಂದಳು ಅಮ್ಮ. ಮುಂದಿನ ವಾರ ಕಾಲು ತೊಳೆಯಲು ನಲ್ಲಿಯೊಂದನ್ನೂ ಹಾಕಿಸಿದಳು. ಅವರಿಗೆ ಕಾಫಿ ಕೊಟ್ಟಳು, ಕುಡಿದರು. ಅದನ್ನು ಅಮ್ಮ ನನಗೆ ಎರಡು ಸಲ ಹೇಳಿದಳು. "ಕುಡಿದ್ರು ಕಣೋ. ಲೋಟ ಇಲ್ಲೇ ಇಟ್ಟು ಹೋದ್ರು."

ಮೇಷ್ಟ್ರ ಮಗಳಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಅಮ್ಮ ತನಗೆ ಪರಿಚಯವಿದ್ದ ಡಾಕ್ಟರಿಗೆ ತೋರಿಸಲು ತಾನೇ ಕರೆದುಕೊಂಡು ಹೋದಳು. ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ವಿದುರಾಶ್ವತ್ಥಕ್ಕೆ ಹೋಗಿ ಹರಕೆ ಹೊತ್ತು ಬಂದರು. ನಾಗರಕಲ್ಲು ಪ್ರತಿಷ್ಠೆ ಮಾಡಿಸಬೇಕು. ಅಲ್ಲೇ ಮಾಡಿಸಬಹುದಿತ್ತು. ಆದರೆ ದಿನಾ ಹಾಲೆರೆಯಲು ಹತ್ತಿರದಲ್ಲೇ ಇದ್ದರೆ ಒಳ್ಳೆಯದು ಎಂದು ಯಾರೋ ಹೇಳಿದ್ದರು. ನಮ್ಮ ಮರದ ಕೆಳಗೆ ಇಡಬಹುದೇ ಎಂದು ಅವರು ಕೇಳಿದ್ದು ನನ್ನನ್ನಲ್ಲ, ಅಮ್ಮನನ್ನು.

"ಒಂದು ಕಲ್ಲು ತಾನೇ, ಇಡ್ಲಿ ಬಿಡೋ" ಎಂದಳು ಅಮ್ಮ. "ಆ ಹುಡುಗಿ ಮುಖ ನೋಡಿದೀಯಾ?"

ನೋಡಿದ್ದೆ. ಒತ್ತುವರಿ ಬಗ್ಗೆ, ಗಡಿ ತಕರಾರುಗಳ ಬಗ್ಗೆ ಎಷ್ಟೋ ವರದಿ ಬರೆದಿದ್ದವನು ನಾನು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಬೇಕು ಎಂದು ಆಗಲೇ ಅನ್ನಿಸಿತ್ತು. ಮೂರನೆಯ ಸಲ ಬಸುರಿಯಾಗಿದ್ದ ಹುಡುಗಿಯ ತಾಯಿಯ ಮುಂದೆ ಹಾಳೆ ಚಾಚುವ ಧೈರ್ಯ ನನಗೆ ಬರಲಿಲ್ಲ.

ಮಗು ಹುಟ್ಟಿತು. ಹೆಣ್ಣು ಮಗು, ಆರೋಗ್ಯವಾಗಿತ್ತು. ಅಮ್ಮನೇ ಮೊದಲ ಸ್ನಾನ ಮಾಡಿಸಿದಳು. ಎಕ್ಸ್‌ಟೆನ್ಷನ್ನಿಗೆಲ್ಲ ಸಿಹಿ ಹಂಚಿದರು. ಆ ವರ್ಷ ಮರದ ಕೆಳಗೆ ಇನ್ನೂ ಮೂರು ಕಲ್ಲು ಬಂದವು. ಆ ಮೂರು ಮನೆಯವರು ನಮ್ಮನ್ನು ಕೇಳಲಿಲ್ಲ, ಮೇಷ್ಟ್ರನ್ನು ಕೇಳಿದರು. ನಾನು ಒಂದು ಕೆಲಸದ ಮೇಲೆ ಗೌರಿಬಿದನೂರಿಗೆ ಹೋಗಿ ಎರಡು ದಿನ ಬಿಟ್ಟು ಬರುವಷ್ಟರಲ್ಲಿ ಬೂದು ಚಪ್ಪಡಿಯ ಮೇಲೆ ಕೆಂಪು ಟೈಲ್ಸ್ ಹಾಕಿಯಾಗಿತ್ತು. ರಸ್ತೆಯ ಕಡೆ ಕಾಂಪೌಂಡಿನಲ್ಲಿ ಒಂದು ಆಳು ನುಸುಳುವಷ್ಟು ಒಡೆದು ಸಣ್ಣ ಗೇಟ್ ಕೂರಿಸಿದ್ದರು.

"ನಿಮಗೆ ಬೆಳಗ್ಗೆ ಬೆಳಗ್ಗೆ ತೊಂದ್ರೆ ಯಾಕೆ ಅಂತ ಸಾರ್" ಎಂದರು ಮೇಷ್ಟ್ರು.

ಒಂದು ಸಂಜೆ ಮೇಷ್ಟ್ರ ಹೆಂಡತಿ ಮೊಮ್ಮಗಳನ್ನು ಎತ್ತಿಕೊಂಡೇ ಬಂದರು. ಅಮ್ಮ ಕಟ್ಟೆಯ ಮೇಲೆ ಒಂದು ಮೂಲೆಯಲ್ಲಿ, ಕಲ್ಲುಗಳಿಂದ ದೂರದಲ್ಲಿ ಕೂತಿದ್ದಳು. ನಾನು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದೆ.

"ಏಮನುಕೋಕಂಡಿ ಅಕ್ಕಾ, ತಪ್ಪು ತಿಳ್ಕೋಬೇಡಿ" ಎಂದರು. ಮುಜುಗರವಾದಾಗ ಅವರ ಬಾಯಲ್ಲಿ ತೆಲುಗು ಮೊದಲು ಬರುತ್ತಿತ್ತು. "ಇನ್ಮೇಲೆ ಕಟ್ಟೆ ಮೇಲೆ ಕೂರೋದು ಬೇಡ ಅಂತ... ನಾನಲ್ಲ, ಬರೋವ್ರು ಹೇಳ್ತಾರೆ. ನಾನೂ ಕೂರಲ್ಲ ನೋಡಿ. ಯಾರೂ ಕೂರೋ ಹಾಗಿಲ್ಲ. ಒಂದು ಚೇರ್ ಹಾಕ್ಕೊಳಿ, ಸ್ವಲ್ಪ ಈ ಕಡೆಗೆ."

ಅಮ್ಮ ಮಗುವಿನ ಕೆನ್ನೆ ಮುಟ್ಟಿ, "ಇವಳಿಗೆ ಹಲ್ಲು ಬರ್ತಿದೆ ಅಲ್ವಾ?" ಎಂದಳು. ಆಮೇಲೆ ಎದ್ದಳು.

ಅವರ ಮಾತಿನಲ್ಲಿ ಜಾತಿ ಇರಲಿಲ್ಲ. ಅವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ ನಾನು ಹೇಳಲಾರೆ. ಹೇಳಲು ನನ್ನ ಬಳಿ ಆಧಾರವಿಲ್ಲ. ಯಾರೂ ಕೂರುವ ಹಾಗಿಲ್ಲ ಎಂದಾಗ ಎದುರಾಡಲು ಏನೂ ಉಳಿಯುವುದಿಲ್ಲ.

ಮರುದಿನ ಮೇಷ್ಟ್ರ ಮನೆಗೆ ಹೋದೆ. ಸರ್ವೆ ನಕ್ಷೆ ಜೊತೆಗಿತ್ತು. ಮರ ನಮ್ಮ ಗಡಿಯಿಂದ ಆರಡಿ ಒಳಗಿದೆ. ಮೇಷ್ಟ್ರು ನಕ್ಷೆಯನ್ನು ಗೌರವದಿಂದಲೇ ನೋಡಿದರು, ಮಡಚಿ ವಾಪಸು ಕೊಟ್ಟರು. ಆಮೇಲೆ ಬೀರುವಿನಿಂದ ಲ್ಯಾಮಿನೇಟ್ ಮಾಡಿಸಿದ ಒಂದು ಪತ್ರಿಕೆಯ ತುಣುಕು ತೆಗೆದರು.

"ನೀವೇ ಬರೆದಿದ್ದೀರಲ್ಲ ಸಾರ್."

ನಾನೇ ಬರೆದದ್ದು. ಮನೆ ಕೊಳ್ಳುವುದಕ್ಕೂ ಎಷ್ಟೋ ಮೊದಲು, ಒಂದು ಬೇಸಿಗೆಯಲ್ಲಿ ಈ ಎಕ್ಸ್‌ಟೆನ್ಷನ್ನಿನ ನೆರಳಿನ ಬಗ್ಗೆ ಸ್ಥಳೀಯ ಪುಟಕ್ಕೆ ಬರೆದಿದ್ದೆ. ಅದರಲ್ಲಿ ಒಂದು ಸಾಲು: ಬಡಾವಣೆಯ ಜನರು ತಲೆತಲಾಂತರದಿಂದ ಪೂಜಿಸುತ್ತ ಬಂದ ಅರಳಿಮರ. ಅಂದು ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಕಾಂಪೌಂಡಿನ ಮೇಲಿಂದ ನೋಡಿದ್ದೆ. ಕಾಂಡಕ್ಕೆ ಸುತ್ತಿದ್ದ ದಾರ ಕಂಡಿತ್ತು. ಯಾರನ್ನೂ ಕೇಳಿರಲಿಲ್ಲ. ಈ ಬಡಾವಣೆಗೇ ತಲೆತಲಾಂತರದ ವಯಸ್ಸಿಲ್ಲ. ಕಾಲಂ ತುಂಬಲು ಒಂದು ಸಾಲು ಕಡಿಮೆಯಿತ್ತು.

"ಅದು ಸುಮ್ನೆ ಬರೆದದ್ದು ಮೇಷ್ಟ್ರೇ."

"ಪೇಪರ್‌ನಲ್ಲಿ ಸುಮ್ನೆ ಬರೀತಾರಾ ಸಾರ್?" ಎಂದರು. ಅವರು ಕುಟುಕುತ್ತಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಕಾಫಿ ಬಂತು. ಒಳಗೆ ಮಗು ಅಳುತ್ತಿತ್ತು. "ಒಂದು ಮಾತು ಹೇಳ್ತೀನಿ. ನಿಮ್ಮನೆಗೂ ಕಟ್ಟೆಗೂ ಮಧ್ಯೆ ಒಂದು ಗೋಡೆ ಹಾಕಿಸ್ಕೊಳಿ. ನಿಮಗೂ ಪ್ರೈವೆಸಿ, ಬರೋರಿಗೂ ಸಂಕೋಚ ಇರಲ್ಲ. ಅರ್ಧ ಖರ್ಚು ನಾವು ಹಾಕ್ಕೋತೀವಿ."

ದೂರು ಕೊಡಬಹುದಿತ್ತು. ದಾಖಲೆ ನನ್ನ ಕಡೆಗಿತ್ತು. ಆದರೆ ಮುಂದೇನಾಗುತ್ತದೆ ಎನ್ನುವುದು ನನಗೆ ಡೆಸ್ಕಿನಿಂದಲೇ ಗೊತ್ತು. ಮೊದಲ ದಿನ ಒಳಪುಟದಲ್ಲಿ ಸಣ್ಣ ಸುದ್ದಿ: ನಾಗರಕಲ್ಲು ತೆರವಿಗೆ ವಿರೋಧ. ಎರಡನೆಯ ದಿನ ಮನೆಯವರು ಯಾವ ಧರ್ಮದವರು ಎಂಬುದು ಎರಡನೆಯ ಪ್ಯಾರಾದಲ್ಲಿ ಬರುತ್ತದೆ. ಮೂರನೆಯ ದಿನ ಹೊರಗಿನ ಊರುಗಳಿಂದ ಜನ ಬರುತ್ತಾರೆ, ಎರಡೂ ಕಡೆಯವರು. ಯಾರೋ ಒಬ್ಬ ವರದಿಗಾರ ಬಾಗಿಲು ತಟ್ಟಿ ಅಮ್ಮನ ಫೋಟೊ ಕೇಳುತ್ತಾನೆ. ನಾನೂ ಬೇರೆಯವರ ಬಾಗಿಲಲ್ಲಿ ಹಾಗೆ ಕೇಳಿದ್ದೇನೆ. ಕೊಟ್ಟಿದ್ದಾರೆ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಆ ಮಗು ಇನ್ನೂ ಇಲ್ಲೇ ಬೆಳೀಬೇಕು" ಎಂದಳು. "ಅದರ ಕಲ್ಲು ಕಿತ್ತಿದ್ದು ಈ ಮನೆಯೋರು ಅಂತ ಅದಕ್ಕೆ ಹೇಳಿ ಬೆಳೆಸ್ತಾರೆ. ನನಗೆ ಅದು ಬೇಡ."

ಎರಡು ಸಂಜೆ ಚೇರ್ ಹಾಕಿಕೊಂಡು ಕೂತು ನೋಡಿದಳು. ಮೂರನೆಯ ಸಂಜೆ ಚೇರನ್ನು ಮಡಚಿ ಒಳಗೆ ತಂದಳು. "ಔಟ್‌ಪೇಷೆಂಟ್ ತರ ಅನ್ಸುತ್ತೆ ಕಣೋ. ಯಾವಾಗ ಕೂಗ್ತಾರೋ ಅಂತ." ನಾನು ನಕ್ಕೆ, ಅವಳೂ ನಕ್ಕಳು. ಆ ವಾರವೇ ಗೋಡೆ ಹಾಕಿಸು ಎಂದಳು. ಮೇಷ್ಟ್ರು ಹೇಳಿದ ಅರ್ಧ ಖರ್ಚು ಬೇಡ ಎಂದಳು. "ನಮ್ಮ ಜಾಗದಲ್ಲಿ ನಮ್ಮ ಗೋಡೆ. ಅದಾದ್ರೂ ಪೂರ್ತಿ ನಮ್ಮದಿರ್ಲಿ."

ಕಟ್ಟೆ ಕಟ್ಟಿದ್ದ ಮೇಸ್ತ್ರಿಯೇ ಬಂದ. ಕೆಂಪು ಟೈಲ್ಸನ್ನು ಸ್ವಲ್ಪ ಹೊತ್ತು ನೋಡಿದ. ಮೂರು ಸಾಲು ಬ್ಲಾಕ್ ಏರಿತು. ಮರದ ಬುಡ ಮರೆಯಾಯಿತು. ಅಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತು ಅವನಿಗೆ ಟೀ ಚಾಚಿದಳು.

"ಅಮ್ಮಾ, ಇಲ್ಲೊಂದು ಸಣ್ಣ ಬಾಗಿಲು ಬಿಡ್ಲಾ?" ಎಂದ. "ಎರಡೂವರೆ ಅಡಿ ಸಾಕು. ಮರ ನಿಮ್ಮದೇ ಅಲ್ವಾ, ಎಲೆ ಗುಡಿಸೋಕೆ, ನೀರು ಹಾಕೋಕೆ ಹೋಗ್ಬೇಕಾಗುತ್ತೆ."

ಅಮ್ಮ ತುಸು ಯೋಚಿಸಿದಳು.

"ಬೇಡಪ್ಪ. ಬಾಗಿಲಿದ್ರೆ ಕೇಳ್ಕೊಂಡು ಹೋಗ್ಬೇಕಾಗುತ್ತೆ."

ಮೇಸ್ತ್ರಿ ಟೀ ಕುಡಿದು ಲೋಟ ಕೆಳಗಿಟ್ಟ. ಬಾಗಿಲಿಗೆಂದು ತಾನಾಗಲೇ ಬಿಟ್ಟಿದ್ದ ಜಾಗವನ್ನು ಟೇಪಿನಲ್ಲಿ ಅಳೆದ. ನನ್ನ ಕಡೆ ತಿರುಗಿ, "ಹಾಗಾದ್ರೆ ಬ್ಲಾಕ್ ಸಾಲಲ್ಲ ಸಾರ್, ಇನ್ನೊಂದಷ್ಟು ಬೇಕು" ಎಂದ. ನಾನು ಅಂಗಡಿಗೆ ಫೋನ್ ಮಾಡಿದೆ.