ಕುಂತ ಕೆಲಸ

ಅವ್ವ ಬ್ಯಾಡಗಿಯ ಖಾರಪುಡಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿದಳು. ಇಪ್ಪತ್ತೆರಡು ಎಂಬುದು ನನ್ನ ಅಂದಾಜು. ಅವಳನ್ನು ಕೇಳಿದರೆ, "ನೀ ಸಾಲಿಗೆ ಹೋಗಾಕ ಹತ್ತಿದಾಗಿಂದ" ಎನ್ನುತ್ತಾಳೆ.

ಯಾರಾದರೂ ವಿಚಾರಿಸಿದರೆ, "ನಂದು ಕುಂತ ಕೆಲಸರಿ" ಎನ್ನುತ್ತಿದ್ದಳು. ಬಿಸಿಲಿಲ್ಲ, ಬಗ್ಗಿ ಕಳೆ ಕೀಳುವುದಿಲ್ಲ. ಆ ಮಾತಿನಲ್ಲಿ ಹೆಮ್ಮೆಯಿತ್ತು. ಅಥವಾ ಹೆಮ್ಮೆಯನ್ನು ನಾನು ಈಗ ಸೇರಿಸುತ್ತಿದ್ದೇನೋ ಏನೋ.

ಮೊಣಕಾಲು ಊದಿದಾಗ ಹಾವೇರಿಗೆ ಕರೆದೊಯ್ದೆ. ಏನು ಕೆಲಸ ಎಂದು ಡಾಕ್ಟರು ಕೇಳಿದ್ದು ಅವಳನ್ನು. ಉತ್ತರಿಸಿದ್ದು ಎಂ.ಎ. ಓದಿದ ನಾನು: "ಕೂತು ಮಾಡುವ ಕೆಲಸ, ಸರ್." ಅವರು ಕುರ್ಚಿ ಎಂದುಕೊಂಡಿರಬೇಕು. ಗುಳಿಗೆ ಬರೆದು, ದಿನಾ ನಡೆಯಲು ಹೇಳಿದರು. ಎರಡು ವರ್ಷ, ಕೆಲಸದಿಂದ ಬಂದವಳನ್ನು ನಾನೇ ಗದರಿಸಿ ಸ್ಟೇಷನ್ನಿನವರೆಗೆ ನಡೆಸಿದೆ.

ಆಮೇಲೆ ರಾಣೆಬೆನ್ನೂರಿನ ಡಾಕ್ಟರಮ್ಮ, "ಹೆಂಗ ಕುಂದರ್ತಿ, ಸ್ವಲ್ಪ ತೋರ್ಸವ್ವಾ" ಎಂದರು. ಅವ್ವ ಸೆರಗು ಸಿಕ್ಕಿಸಿ ನೆಲಕ್ಕೆ ಕುಳಿತಳು. ಒಂದು ಕಾಲನ್ನು ಮಡಿಚಿ ಅಡಿಗೆ ಹಾಕಿ, ಇನ್ನೊಂದು ಮೊಣಕಾಲನ್ನು ಎದೆಗೆ ಒತ್ತಿ, ಕುತ್ತಿಗೆ ಬಗ್ಗಿಸಿದಳು.

"ಎಷ್ಟೊತ್ತು ಹಿಂಗ?"

"ಮುಂಜಾನಿಂದ ಸಂಜೀತನಕರಿ. ಉಣ್ಣಾಕ ಏಳ್ತೀವಿ."

ಏಳಲು ಆಗಲಿಲ್ಲ. ನರ್ಸ್ ಮತ್ತು ನಾನು ಎತ್ತಿದೆವು.

"ಅಲ್ಲೂ ಎತ್ತಾಕ ಮಂದಿ ಬೇಕೇನು?" ಡಾಕ್ಟರಮ್ಮ ಕೇಳಿದರು.

"ಹೂಂರಿ. 'ಸರೀರ್ಬೇ, ಪಟ್ಟದ ರಾಣಿ ಏಳಾಕತ್ತಾಳ' ಅಂತ ನಗಸ್ಯಾಡ್ತಾರ." ಅವ್ವ ತಾನೂ ನಕ್ಕಳು. ಗೆಳತಿಯರು ಅವಳನ್ನು ಎಷ್ಟು ದಿನದಿಂದ ಎತ್ತುತ್ತಿದ್ದರೋ, ನನಗೆ ಗೊತ್ತಿರಲಿಲ್ಲ.

ಇನ್ನು ನೆಲಕ್ಕೆ ಕೂರುವಂತಿಲ್ಲ ಎಂದರು ಡಾಕ್ಟರಮ್ಮ. ಅವ್ವನ ಜೊತೆ ಕಾರ್ಖಾನೆಗೆ ಹೋಗಿ ಒಂದು ಸ್ಟೂಲು ಕೇಳಿದೆ. "ಅಕ್ಕಾರ, ರಾಶಿ ನೆಲದ ಮ್ಯಾಲೈತಿ. ಸ್ಟೂಲಿನ ಮ್ಯಾಲ ಕುಂತ್ರ ಕಾಯಿ ಕೈಗೆ ಹೆಂಗ ನಿಲುಕ್ತಾವ?" ಎಂದ ಸೂಪರ್‌ವೈಸರ್. ಅವನು ಹೇಳಿದ್ದು ಸುಳ್ಳಲ್ಲ. ಅಲ್ಲಿಗೆ ಅವಳ ಕೆಲಸ ಮುಗಿಯಿತು.

ದಾರಿಯಲ್ಲಿ ಹೇಳಿದೆ: "ಯವ್ವಾ, ಹಾವೇರ್‍ಯಾಗ ನಾ ತಪ್ಪು ಹೇಳಿದ್ನಿ."

"ನೀ ಎಲ್ಲಿ ಹೇಳಿದ್ದಿ? ನಾನ ಹೇಳಿದ್ದು."

ನನ್ನನ್ನು ಉಳಿಸಲು ಹಾಗೆಂದಳೋ, ನಡೆದದ್ದೇ ಹಾಗೋ? ಡಾಕ್ಟರರ ಎದುರು ಕೇಳಿಸಿದ್ದು ನನ್ನ ದನಿಯೇ ಎಂದು ಬರೆಯುತ್ತೇನೆ, ಹೊಡೆದುಹಾಕುತ್ತೇನೆ.

ಈಗಲೂ ಮುಂಜಾನೆ ಎಂಟಕ್ಕೆ ಕಾರ್ಖಾನೆಯ ಟಂಟಂ ಆಟೋ ನಮ್ಮ ಓಣಿಗೆ ಬಂದು ಹೆಂಗಸರನ್ನು ಹತ್ತಿಸಿಕೊಳ್ಳುತ್ತದೆ. ಅದರ ಸದ್ದು ಕೇಳಿದೊಡನೆ ಅವ್ವ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.